ಕಲ್ಲಿನ ಸಂದಿಯಲ್ಲಿ ನೀರು

ನಮ್ಮೂರಿನ ಹೆಸರಿಗೆ ನಾನು ಎರಡು ಅರ್ಥ ಕಲಿತಿದ್ದೇನೆ. ಉರ್ದು ಪ್ರಾಥಮಿಕ ಶಾಲೆಯ ಉಸ್ತಾದರು ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ, ಹಾಗಾಗಿ ಗುಲ್ಬರ್ಗಾ ಹೂವು ಎಲೆಗಳ ಊರು ಎಂದು ಹೇಳಿಕೊಟ್ಟರು. ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ಅಲ್ಲಿಯ ಮೇಷ್ಟ್ರು ನಕ್ಕು, ಇದು ಕಲ್ಲಿನ ಊರು, ಕಲಬುರಗಿ ಎಂದರು. 2014ರಲ್ಲಿ ಸರ್ಕಾರ ಕನ್ನಡ ಮೇಷ್ಟ್ರ ಕಡೆಗೆ ತೀರ್ಪು ಕೊಟ್ಟಿತು. ನನಗೆ ಎರಡೂ ಹೆಸರು ಪ್ರಿಯವೇ. ಆದರೆ ಮೇ ತಿಂಗಳ ಮಧ್ಯಾಹ್ನ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬಂದವರಿಗೆ ಹೂವು ಎಲೆಗಿಂತ ಕಲ್ಲೇ ಹೆಚ್ಚು ನಿಜ ಅನಿಸುತ್ತದೆ.

ಕಲ್ಲು ಎಂದರೆ ನಮ್ಮ ಜಿಲ್ಲೆಯಲ್ಲಿ ಯಾವ ಕಲ್ಲು ಎಂದು ಕೇಳಬೇಕು. ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರ್ಸಿ ಅದೇ, ಸಿಮೆಂಟ್ ಕಾರ್ಖಾನೆಗಳ ಹೊಟ್ಟೆಗೆ ಹೋಗುವುದೂ ಅದೇ. ಆಳಂದ, ಕಮಲಾಪುರ, ಮುಂದೆ ಹುಮನಾಬಾದಿನ ಕಡೆಗೆ ಹೊರಟರೆ ಕರಿಕಲ್ಲು. ವಿಜ್ಞಾನಿಗಳು ಅದನ್ನು ಬಸಾಲ್ಟ್ ಎನ್ನುತ್ತಾರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ, ಪದರದ ಮೇಲೆ ಪದರವಾಗಿ ಆರಿ ಗಟ್ಟಿಯಾದದ್ದು. ಮಹಾರಾಷ್ಟ್ರದ ಬಹುಭಾಗವೂ ಸೇರಿ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಾಸಿಕೊಂಡಿದೆ. ನಾವು ಇರುವುದು ಅದರ ಅಂಚಿನಲ್ಲಿ, ಹಾಸಿಗೆಯ ತುದಿಯಲ್ಲಿ ಮಲಗಿದ ಮಗುವಿನ ಹಾಗೆ. ತೊಗರಿ ಬೆಳೆಯುವ ನಮ್ಮ ಎರೆಮಣ್ಣು ಆದದ್ದು ಈ ಕಲ್ಲು ಸವೆದೇ. ಎಲ್ಲದರ ಅಡಿಗೆ ಗ್ರಾನೈಟಿನ ಜಾತಿಯ ಇನ್ನೂ ಹಳೆಯ ಬಂಡೆ ಇದೆ.

ಕಥೆ ಬರೆಯುವ ನಾನು ಕಲ್ಲಿನ ಬಗ್ಗೆ ಬರೆಯಲು ಕಾರಣ ನನ್ನ ಅಣ್ಣನ ಮಗಳು. ಅವಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ನೆಲದ ಆಳದಲ್ಲಿ ಬಂಡೆ ಎಷ್ಟು ಭಾರ ತಾಳುತ್ತದೆ, ಎಲ್ಲಿ ಬಿರಿಯುತ್ತದೆ, ಆ ಬಿರುಕಿನಲ್ಲಿ ನೀರೋ ಗಾಳಿಯೋ ಎಷ್ಟು ಹರಿಯುತ್ತದೆ ಎಂಬುದು ಅವಳ ವಿಷಯ. ನೆಲದೊಳಗಿನ ಶಾಖದಿಂದ ವಿದ್ಯುತ್ ತೆಗೆಯಲು, ಕಾರ್ಖಾನೆಯ ಹೊಗೆಯನ್ನು ನೆಲದಡಿ ಹೂಳಲು ಈ ಲೆಕ್ಕ ಬೇಕಂತೆ. ಮನೆಯಲ್ಲಿ ಇದನ್ನು ವಿವರಿಸುವುದು ಸುಲಭವಲ್ಲ. ಸಂಬಂಧ ಕೇಳಿಕೊಂಡು ಬಂದವರು ಹುಡುಗಿ ಏನು ಓದುತ್ತಾಳೆ ಎಂದರೆ ನನ್ನ ಭಾಬಿ ಒಮ್ಮೆ ಬೇಸತ್ತು, "ಫತ್ತರ್ ಫೋಡ್ತೀ" ಎಂದುಬಿಟ್ಟರು. ಕಲ್ಲು ಒಡೀತಾಳೆ! ಬಂದವರು ಚಹಾ ಕುಡಿದು ಹೋದರು. ಮತ್ತೆ ಬರಲಿಲ್ಲ.

ಆದರೆ ಭಾಬಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಮುತ್ತಜ್ಜ, ಅಂದರೆ ನನ್ನ ನಾನಾ, ಮಾಡಿದ್ದೂ ಅದನ್ನೇ. ಅವರು ಕಮಲಾಪುರದಲ್ಲಿ ಬಾವಿ ತೋಡುತ್ತಿದ್ದರು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆ ಹೆಸರಾದದ್ದು. ಭೌಗೋಳಿಕ ಗುರುತಿನ ಮುದ್ರೆಯನ್ನೂ ಪಡೆದಿದೆ. ಗೊನೆ ಕೈಗೆ ಬರಲು ವರ್ಷಕ್ಕಿಂತ ಹೆಚ್ಚು ಕಾಲ ಬೇಕು, ಅಷ್ಟೂ ದಿನ ನೀರು ಬೇಕು. ಬಾಳೆ ಹಚ್ಚುವವರೆಲ್ಲ ಮೊದಲು ನಾನಾನ ಹತ್ತಿರ ಬರುತ್ತಿದ್ದರು. ಸಬ್ಬಲ್, ಘನ, ಛಿನ್ನಿ, ಆಮೇಲೆ ಬಾರೂದು. ಮೇಲಿನ ಮಣ್ಣು, ಅದರಡಿಗೆ ಮೊರಮು, ಅದರಡಿಗೆ ಕರಿಕಲ್ಲು. ಕರಿಕಲ್ಲು ಒಂದೇ ಸಮ ಇರುವುದಿಲ್ಲ. ಒಂದು ಲಾವಾ ಹರಿದು ಆರಿ, ಅದರ ಮೇಲೆ ಮಣ್ಣಾಗಿ, ಆ ಮಣ್ಣಿನ ಮೇಲೆ ಇನ್ನೊಂದು ಲಾವಾ ಹರಿದರೆ ನಡುವಿನ ಮಣ್ಣು ಇಟ್ಟಿಗೆಯ ಹಾಗೆ ಸುಟ್ಟು ಕೆಂಪಾಗುತ್ತದೆ. ಬಾವಿಯ ಗೋಡೆಯಲ್ಲಿ ಆ ಕೆಂಪು ಗೆರೆ ಕಂಡರೆ ನಾನಾ ಕೆಲಸ ನಿಲ್ಲಿಸಿ ಕೈಯಿಂದ ಸವರಿ ನೋಡುತ್ತಿದ್ದರಂತೆ.

ಬಾವಿಯ ಪಕ್ಕದಲ್ಲಿ ಕಲ್ಲಿನ ಗುಡ್ಡೆ ಇರುತ್ತಿತ್ತು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಅದರಲ್ಲಿ ಬಿಳಿ ಹರಳು ಹುಡುಕುತ್ತಿದ್ದೆವು. ಲಾವಾ ಆರುವಾಗ ಅದರೊಳಗಿನ ಗಾಳಿ ಗುಳ್ಳೆಗಳಾಗಿ ಮೇಲೇರುತ್ತದೆ. ಗುಳ್ಳೆ ಇದ್ದಲ್ಲಿ ತೂತು ಉಳಿಯುತ್ತದೆ. ನೀರು ಒಸರಿ ಒಸರಿ ಸಾವಿರಾರು ವರ್ಷಗಳಲ್ಲಿ ಆ ತೂತುಗಳನ್ನು ಬಿಳಿ ಖನಿಜದಿಂದ ತುಂಬುತ್ತದೆ. ಅದಕ್ಕೇ ಆ ಕಲ್ಲು ಮೈತುಂಬ ಬಿಳಿ ಕಣ್ಣು ಬಿಟ್ಟುಕೊಂಡ ಹಾಗೆ ಕಾಣುತ್ತದೆ. ನಮಗೆ ಅವು ವಜ್ರ. ನಾನಾಗೆ ಕೆಟ್ಟ ಸುದ್ದಿ. ಬಿಳಿ ಕಣ್ಣು ತುಂಬಿದ ಕಲ್ಲಿನಲ್ಲಿ ಒರತೆ ಕಡಿಮೆ ಎಂದು ಅವರ ಲೆಕ್ಕ. ಅವರು ಆಗಾಗ ಹೇಳುತ್ತಿದ್ದ ಮಾತು ಇದು: "ಫತ್ತರ್ ಮೇ ಪಾನಿ ನೈ ರೈತಾ ಬೇಟಾ, ಫತ್ತರ್ ಕೆ ಜೋಡಾಂ ಮೇ ರೈತಾ." ನೀರು ಕಲ್ಲಿನಲ್ಲಿ ಇರುವುದಿಲ್ಲ ಮಗು, ಕಲ್ಲಿನ ಸಂದಿಗಳಲ್ಲಿ ಇರುತ್ತದೆ.

ಹೋದ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಹುಡುಗಿ ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಪ್ರಯೋಗಾಲಯ ಎಂದರೆ ಗಾಜಿನ ಬುರುಡೆ, ಬಣ್ಣದ ನೀರು ಎಂದುಕೊಂಡಿದ್ದ ನನಗೆ ಅದು ಲಾರಿ ಗ್ಯಾರೇಜಿನ ಹಾಗೆ ಕಂಡಿತು. ಎಣ್ಣೆಯ ವಾಸನೆ, ದಪ್ಪ ಉಕ್ಕಿನ ಕಂಬಗಳು, ನೆಲದಲ್ಲಿ ಕಲ್ಲಿನ ಕೆಸರು. ವಜ್ರದ ಹಲ್ಲಿನ ಕೊರೆಯುವ ಯಂತ್ರ ನೀರು ಕುಡಿಯುತ್ತ ಬಂಡೆಯಿಂದ ಒಂದು ಉರುಳೆಯನ್ನು ಕೊರೆದು ತೆಗೆಯುತ್ತದೆ. 54 ಮಿಲಿಮೀಟರ್ ಅಡ್ಡಗಲ, ಅದರ ಎರಡರಷ್ಟು ಉದ್ದ, ಥೇಟ್ ನಮ್ಮ ಮನೆಯ ಮಸಾಲೆ ಡಬ್ಬಿಯ ಅಳತೆ. ಅದರ ಎರಡು ತುದಿಗಳನ್ನು ಕನ್ನಡಿಯಂತೆ ಉಜ್ಜಿ ನುಣುಪು ಮಾಡುತ್ತಾರೆ. ರಬ್ಬರಿನ ತೊಗಲು ತೊಡಿಸಿ ಉಕ್ಕಿನ ಕೋಶದೊಳಗೆ ಇಟ್ಟು ಸುತ್ತಲೂ ಎಣ್ಣೆಯಿಂದ ಒತ್ತುತ್ತಾರೆ. ನೆಲದ ಒಂದು ಕಿಲೋಮೀಟರ್ ಆಳದಲ್ಲಿ ಬಂಡೆಯ ಮೇಲೆ ಇರುವ ಭಾರ ಚದರ ಸೆಂಟಿಮೀಟರಿಗೆ ಸುಮಾರು 270 ಕಿಲೋ. ಆ ಕೋಶದೊಳಗೆ ಕಲ್ಲು ತಾನಿನ್ನೂ ನೆಲದ ಆಳದಲ್ಲೇ ಇದ್ದೇನೆ ಎಂದುಕೊಳ್ಳಬೇಕು, ಅಷ್ಟೇ ಈ ಏರ್ಪಾಡಿನ ಉದ್ದೇಶ. ಆಮೇಲೆ ಒಂದು ತುದಿಯಿಂದ ನೀರು ತಳ್ಳಿ, ಇನ್ನೊಂದು ತುದಿಯಲ್ಲಿ ಎಷ್ಟು ಬಂತು ಎಂದು ಅಳೆಯುತ್ತಾರೆ.

ಕಮಲಾಪುರದಲ್ಲಿ ನಾನಾನ ಬಾವಿಯ ಗುಡ್ಡೆಯಿಂದ ಒಂದು ಕಲ್ಲನ್ನು ಅವಳು ತಂದಿಟ್ಟುಕೊಂಡಿದ್ದಳು. ಬಾರೂದಿನ ಹೊಡೆತ ತಿಂದ ಕಲ್ಲು, ಮಳೆ ಬಿಸಿಲಿಗೆ ಬಿದ್ದ ಕಲ್ಲು, ಪ್ರಬಂಧಕ್ಕೆ ಬರುವುದಿಲ್ಲ, ಆದರೆ ನಿಮಗೆ ತೋರಿಸುತ್ತೇನೆ ಫುಪ್ಪೂ ಎಂದಳು. ಗುಳ್ಳೆಯಿಲ್ಲದ ಗಟ್ಟಿ ಭಾಗದಿಂದ ತೆಗೆದ ಉರುಳೆಯಲ್ಲಿ ನಾನು ಕೂತಿದ್ದ ಅಷ್ಟು ಹೊತ್ತು ಒಂದು ಹನಿಯೂ ಆಚೆ ಬರಲಿಲ್ಲ. ಆಮೇಲೆ ಅಂಥದೇ ಇನ್ನೊಂದು ಉರುಳೆಯನ್ನು ತೋರಿಸಿದಳು, ಉದ್ದಕ್ಕೆ ಸೀಳಿ ಮತ್ತೆ ಜೋಡಿಸಿ ಇಟ್ಟದ್ದು. ಸೀಳು ಕಣ್ಣಿಗೆ ಕೂದಲಿನಷ್ಟೂ ಕಾಣದು. ನೀರು ಬಂದೇಬಿಟ್ಟಿತು. ಸುತ್ತಲಿನ ಒತ್ತಡ ಏರಿಸಿದಂತೆ ಸಂದಿ ಮುಚ್ಚಿಕೊಂಡು ಹನಿ ನಿಧಾನವಾಯಿತು, ಇಳಿಸಿದಂತೆ ಮತ್ತೆ ಬಂತು. ಬಿರುಕಿನ ಅಗಲ ಎರಡರಷ್ಟಾದರೆ ಹರಿಯುವ ನೀರು ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ ಎಂದಳು. ಅಗಲದ ಘನಕ್ಕೆ ತಕ್ಕಂತೆ ಹರಿವು. ಇದು ಅವರ ಶಾಸ್ತ್ರದ ಮೂಲ ಲೆಕ್ಕಗಳಲ್ಲಿ ಒಂದಂತೆ. ನಾನು ನಾನಾನ ಮಾತು ನೆನಪಿಸಿದೆ. ಅವಳು ತನ್ನ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದಳು. ನನಗಿಂತ ಮೊದಲೇ ಅಲ್ಲಿ ಉರ್ದುವಿನಲ್ಲಿ ಅದನ್ನು ಬರೆದುಕೊಂಡಿದ್ದಳು.

ಮತ್ತೊಂದು ಉರುಳೆಯನ್ನು ಅವಳು ನನ್ನ ಮುಂದೆಯೇ ಒಡೆದಳು. ಚದರ ಸೆಂಟಿಮೀಟರಿಗೆ ಒಂದೂವರೆ ಟನ್ ದಾಟಿದರೂ ಕಲ್ಲು ಸುಮ್ಮನಿತ್ತು. ಸುಮ್ಮನಿತ್ತು ಎಂದು ನನಗೆ ಅನಿಸಿದ್ದು; ಪರದೆಯ ಮೇಲೆ ಚುಕ್ಕೆಗಳು ಏಳುತ್ತಿದ್ದವು. ಕಲ್ಲಿಗೆ ಅಂಟಿಸಿದ ಚಿಕ್ಕ ಕಿವಿಗಳು ಅದರೊಳಗಿನ ಸೂಕ್ಷ್ಮ ಬಿರುಕುಗಳ ಸದ್ದನ್ನು ಕೇಳುತ್ತಿರುತ್ತವೆ. ನಮಗೆ ಕೇಳಿಸುವುದು ಕೊನೆಯ ಢಮ್ ಮಾತ್ರ. ಅದಕ್ಕೂ ಮೊದಲು ಅದು ಎಷ್ಟೋ ಸಲ ನರಳಿರುತ್ತದೆ.

ಈ ವಿದ್ಯೆಯ ಹುಟ್ಟು ಎಲ್ಲಿ ಎಂದು ಕೇಳಿದರೆ ಪುಸ್ತಕಗಳು ಫ್ರಾನ್ಸಿನ ಹೆನ್ರಿ ಡಾರ್ಸಿಯ ಹೆಸರು ಹೇಳುತ್ತವೆ. ದಿಜೋನ್ ಎಂಬ ತನ್ನ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರು ಆತ. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅಳೆದು 1856ರಲ್ಲಿ ನಿಯಮ ಕೊಟ್ಟ. ಅದು ಸರಿಯೇ. ಆದರೆ ನೆಲದೊಳಗಿನ ನೀರನ್ನು ಗೆರೆ ಹಿಡಿದು ತರುವ ಲೆಕ್ಕ ಇನ್ನೂ ಹಳೆಯದು. ಹನ್ನೊಂದನೆಯ ಶತಮಾನದಲ್ಲೇ ಗಣಿತಜ್ಞ ಅಲ್ ಕರಜಿ ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆ ಅರಬ್ಬಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದ. ನಮ್ಮ ಪಕ್ಕದ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಇದೆ, ಜನರ ಬಾಯಲ್ಲಿ ಸುರಂಗ ಬಾವಿ. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅದರ ಜಾಡು ಹಿಡಿದ ಮೇಲೆ, ಕಳೆದ ದಶಕದಲ್ಲಿ ಹೂಳು ತೆಗೆದರು. ಆ ಸುರಂಗವನ್ನು ತೋಡಿದವರು ಬಂಡೆಯ ಬಿರುಕಿನ ಗೆರೆಯನ್ನೇ ಹಿಡಿದು ಸಾಗಿದ್ದಾರೆ. ಅವರ ಬಳಿ ರಬ್ಬರಿನ ತೊಗಲು ತೊಡಿಸಿದ ಉರುಳೆಗಳಿರಲಿಲ್ಲ, ಊರಿನ ಉದ್ದಗಲದ ನೆಲವೇ ಇತ್ತು.

ಇನ್ನೊಂದು ಹೆಸರು ಕಾರ್ಲ್ ಟೆರ್ಜಾಗಿ. ಆಸ್ಟ್ರಿಯಾದವನು. 1916ರಲ್ಲಿ ಇಸ್ತಾಂಬುಲ್‌ಗೆ ಪಾಠ ಹೇಳಲು ಬಂದ. ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣ ಕಟ್ಟಿಕೊಂಡು ಅಲ್ಲಿಯ ರಾಬರ್ಟ್ ಕಾಲೇಜಿನಲ್ಲಿ ಮಣ್ಣು ನೀರುಗಳ ಪ್ರಯೋಗ ಮಾಡಿದ, 1925ರಲ್ಲಿ ಅದರ ಪುಸ್ತಕ ತಂದ. ಉರ್ದು ಶಾಲೆಯಲ್ಲಿ ನಮಗೆ ಇಸ್ತಾಂಬುಲಿನ ಗುಮ್ಮಟಗಳನ್ನು ಎಣಿಸಿ ಹೇಳುತ್ತಿದ್ದರು, ಇದನ್ನು ಯಾರೂ ಹೇಳಲಿಲ್ಲ. ಅವನು ಕಂಡುಕೊಂಡದ್ದನ್ನು ಅಡುಗೆಮನೆಯಲ್ಲೇ ನೋಡಬಹುದು. ಬಿಸಿ ನೀರಿನಲ್ಲಿ ತೊಳೆದ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿದರೆ ಒಮ್ಮೊಮ್ಮೆ ತಾನಾಗಿ ಜಾರುತ್ತದೆ. ಒಳಗಿನ ಗಾಳಿ ಹಿಗ್ಗಿ ಲೋಟವನ್ನು ತುಸು ಎತ್ತುತ್ತದೆ. ಲೋಟದ ತೂಕ ಅಷ್ಟೇ ಇದೆ, ಆದರೆ ಕಟ್ಟೆಯ ಮೇಲೆ ಊರುವ ಭಾರ ಕಡಿಮೆಯಾಯಿತು, ಹಿಡಿತ ತಪ್ಪಿತು. ನೆಲದೊಳಗೂ ಹಾಗೇ. ಬಂಡೆಯ ಮೇಲೆ ಬಂಡೆ ಕೂತಿದೆ. ಸಂದಿಯಲ್ಲಿ ನೀರಿನ ಒತ್ತಡ ಏರಿದರೆ ಅದು ಮೇಲಿನ ಬಂಡೆಯ ಭಾರದಲ್ಲಿ ಒಂದು ಪಾಲನ್ನು ಹೊರುತ್ತದೆ. ಬಂಡೆಗಳ ನಡುವಿನ ಬಿಗಿ ಸಡಿಲುತ್ತದೆ. ಆ ಬಂಡೆಗಳು ಎಷ್ಟೋ ಕಾಲದಿಂದ ಜಾರಲು ತಯಾರಾಗಿ ನಿಂತಿದ್ದರೆ, ಜಾರುತ್ತವೆ.

ಇದು ಬರೀ ಊಹೆಯಲ್ಲ. ಅಮೆರಿಕದ ಡೆನ್ವರ್ ಬಳಿ ಸೈನ್ಯದ ರಾಸಾಯನಿಕ ಕಾರ್ಖಾನೆಯೊಂದು 1962ರಿಂದ ತನ್ನ ಕೊಳೆನೀರನ್ನು ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ತುಂಬತೊಡಗಿತು. ಅಲ್ಲಿಯ ಜನರ ಮನೆ ಅದುರಲು ಶುರುವಾಯಿತು. 1966ರಲ್ಲಿ ನೀರು ತುಂಬುವುದನ್ನು ನಿಲ್ಲಿಸಿದರು. ಆಮೇಲೆ ರೇಂಜ್ಲಿ ಎಂಬ ತೈಲದ ಊರಿನಲ್ಲಿ ವಿಜ್ಞಾನಿಗಳು ಬೇಕೆಂದೇ ನೀರಿನ ಒತ್ತಡ ಏರಿಸಿ ಇಳಿಸಿ ನೋಡಿದರು. ಏರಿಸಿದಾಗ ಕಂಪನ ಹೆಚ್ಚಿತು, ಇಳಿಸಿದಾಗ ತಗ್ಗಿತು. ನಮ್ಮಲ್ಲಿ ಕೊಯ್ನಾ. ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ, 1967ರ ಡಿಸೆಂಬರ್ 11ರಂದು 6.3ರ ಭೂಕಂಪ. ಅಲ್ಲಿ ಈಗಲೂ ಕಂಪನಗಳು ನಿಂತಿಲ್ಲ. ಕೇಂದ್ರ ಸರ್ಕಾರ ಕರಾಡದಲ್ಲಿ ಇದಕ್ಕೆಂದೇ ಒಂದು ಪ್ರಯೋಗಾಲಯ ತೆರೆದು, ಕೊಯ್ನಾ ಸೀಮೆಯ ಗೋಠಣೆಯಲ್ಲಿ ಮೂರು ಕಿಲೋಮೀಟರ್ ಆಳದ ಬಾವಿ ಕೊರೆಸಿತು. 2017ರಲ್ಲಿ ಅದು ಮುಗಿಯಿತು. ಕರಿಕಲ್ಲು 1247 ಮೀಟರಿಗೆ ತೀರಿತು, ಆಮೇಲೆಲ್ಲ ಹಳೆಯ ಬಂಡೆ. ನಾನಾ ಇದ್ದಿದ್ದರೆ ಆ ಬಾವಿಯಲ್ಲಿ ನೀರು ಬಿತ್ತೇ ಎಂದು ಮೊದಲು ಕೇಳುತ್ತಿದ್ದರು.

ಕರ್ನಾಟಕದಲ್ಲಿ ಈ ವಿದ್ಯೆ ಬೇರೂರಿದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಮೇಲಿನ ಭಾರಕ್ಕೆ ಗಣಿಯ ಗೋಡೆ ತಾನಾಗಿ ಸಿಡಿಯುತ್ತಿತ್ತು. ಎಷ್ಟೋ ಕೂಲಿಗಳು ಅದರಲ್ಲಿ ಸತ್ತರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿತು. ಸಂಸ್ಥೆಯೂ ಬೆಂಗಳೂರಿಗೆ ಬಂತು. ಬಂಡೆಗೆ ಕಿವಿಗೊಡುವ ವಿದ್ಯೆಗೆ ಬೆಲೆ ಮೊದಲು ಕಟ್ಟಿದವರು ಆ ಗಣಿಯ ಮನೆಗಳವರು ಎಂಬುದನ್ನು ಪಠ್ಯಪುಸ್ತಕಗಳು ಹೇಳಿದರೆ ಚೆನ್ನಾಗಿತ್ತು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾನು ಎಂಟನೆಯ ತರಗತಿಯ ಹುಡುಗಿ. ಮನೆಯ ಮಾಡದಲ್ಲಿದ್ದ ತಾಮ್ರದ ಪಾತ್ರೆಗಳು ಕಟಕಟ ಎಂದವು. ಅಮ್ಮಿ ನಮ್ಮನ್ನು ಅಂಗಳಕ್ಕೆ ಎಳೆದುಕೊಂಡು ಬಂದರು. ಆಗ ನಮ್ಮ ಮನೆಯಲ್ಲೇ ಇದ್ದ ನಾನಾ ನೆಲಕ್ಕೆ ಅಂಗೈ ಊರಿ ಕೂತು, "ಕೈಂ ತೋ ಬೀ ಫತ್ತರ್ ಸರ್ಕಾ" ಎಂದರು. ಎಲ್ಲೋ ಕಲ್ಲು ಜಾರಿತು. ಬೆಳಗಾದ ಮೇಲೆ ಗೊತ್ತಾಯಿತು, ಕಿಲ್ಲಾರಿ. ನಮ್ಮಿಂದ ನೂರು ಕಿಲೋಮೀಟರಿನೊಳಗೆ. ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳು. 6.2ರ ಭೂಕಂಪ, ಸುಮಾರು ಹತ್ತು ಸಾವಿರ ಜನ. ಅವರನ್ನು ಕೊಂದದ್ದು ಹೆಚ್ಚಾಗಿ ಅವರ ಮನೆಯ ಗೋಡೆಗಳೇ. ಮಣ್ಣಿನಲ್ಲಿ ಕೂರಿಸಿದ ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಆಮೇಲೆ ಹೈದರಾಬಾದಿನ ಎನ್‌ಜಿಆರ್‌ಐ ಅಲ್ಲಿ 617 ಮೀಟರ್ ಕೊರೆದು ನೋಡಿದಾಗ ಕರಿಕಲ್ಲು 338 ಮೀಟರಿಗೇ ಮುಗಿದಿತ್ತು. ಅಂಚಿನವರ ಹಾಸಿಗೆ ತೆಳು.

2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸರದಿ. ನೆಲದೊಳಗಿಂದ ಗುಡುಗಿನಂಥ ಸದ್ದು, ಆಮೇಲೆ ಅದುರು, ದಿನ ಬಿಟ್ಟು ದಿನ. ಅಕ್ಟೋಬರ್ 11ರ ರಾತ್ರಿಯದು 4.1. ಜನ ಮಕ್ಕಳು ಮರಿ ಕಟ್ಟಿಕೊಂಡು ಹೊಲಗಳಲ್ಲಿ ಮಲಗಿದರು, ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ನೆಂಟರ ಊರಿಗೆ ಹೋದರು. ಎನ್‌ಜಿಆರ್‌ಐನವರು ಬಂದು ಅಳೆಯುವ ಯಂತ್ರ ಕೂರಿಸಿದರು. ತಜ್ಞರು ಕೊಟ್ಟ ಒಂದು ವಿವರಣೆ ಜಲಪ್ರೇರಿತ ಕಂಪನ: ಜೋರು ಮಳೆಯ ನೀರು ಬಿರುಕುಗಳಿಗೆ ಇಳಿದು ಒಳಗಿನ ಒತ್ತಡವನ್ನು ಏರಿಸಿತು ಎಂದು. ಪತ್ರಿಕೆಗಳಲ್ಲಿ ಆ ಶಬ್ದ ಬಂತು, ಶಬ್ದದ ಅರ್ಥ ಬರಲಿಲ್ಲ. ಊರಲ್ಲಿ ಮಾತ್ರ ಬಗೆಬಗೆಯ ಕಥೆಗಳು ಹುಟ್ಟಿದವು. ಕಥೆ ಕಟ್ಟುವುದು ನನ್ನ ಕಸುಬು, ಆದ್ದರಿಂದ ಹೇಳಬಲ್ಲೆ: ಕಾರಣ ಹೇಳುವವರು ಇಲ್ಲದ ಕಡೆ ಭಯ ತಾನೇ ಕಥೆಗಾರನಾಗುತ್ತದೆ.

ಇಲ್ಲಿ ಶಕ್ತಿಯ ಮಾತು ಬರುತ್ತದೆ. ನೆಲದ ಆಳದಲ್ಲಿ ಬಿಸಿ ಬಂಡೆಯಿದೆ. ತಣ್ಣೀರು ಒತ್ತಿ ಬಿರುಕು ತೆರೆದು, ಬಿಸಿಯಾದ ನೀರನ್ನು ಇನ್ನೊಂದು ಬಾವಿಯಿಂದ ಎತ್ತಿದರೆ ವಿದ್ಯುತ್. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಹಾಗೆ ನೀರು ಒತ್ತಿದಾಗ ಡಿಸೆಂಬರ್ 8ರಂದು 3.4ರ ಕಂಪನವಾಯಿತು. ಆ ಯೋಜನೆ ಕೈಬಿಟ್ಟರು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ನಾಲ್ಕು ಕಿಲೋಮೀಟರಿಗೂ ಆಳದ ಬಾವಿಗಳು. 2017ರ ಏಪ್ರಿಲಿನಲ್ಲೇ 3 ದಾಟಿದ ಒಂದು ಕಂಪನ ಬಂತು. ಮತ್ತೂ ನೀರು ಒತ್ತಿದರು. ನವೆಂಬರ್ 15ರಂದು ಬಂದದ್ದು ಐದೂವರೆಯ ಹತ್ತಿರದ ಭೂಕಂಪ. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಇಡೀ ದೇಶದ ಕಾಲೇಜು ಪ್ರವೇಶ ಪರೀಕ್ಷೆಯೇ ಒಂದು ವಾರ ಮುಂದೆ ಹೋಯಿತು. ಸರ್ಕಾರ ನೇಮಿಸಿದ ತಜ್ಞರು 2019ರಲ್ಲಿ, ಇದಕ್ಕೆ ಆ ಬಾವಿಗಳೇ ಕಾರಣ ಎಂದರು. ಏಪ್ರಿಲಿನ ಕಂಪನವನ್ನು ಯಂತ್ರಗಳು ಕೇಳಿಸಿಕೊಂಡಿದ್ದವು. ಅದರರ್ಥ ಏನಾಗಬಹುದು ಎಂದು ಊರಿನವರಿಗೆ ಹೇಳಿದವರಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಚುಚ್ಚುವುದು ಇದೊಂದೇ.

ನಮ್ಮ ಕರಿಕಲ್ಲಿನ ಮೇಲೂ ಕಣ್ಣಿದೆ. ಇಂಗಾಲದ ಡೈಆಕ್ಸೈಡ್ ಬಸಾಲ್ಟಿನೊಳಗೆ ಹೋದರೆ ಅಲ್ಲಿಯ ಸುಣ್ಣ, ಮೆಗ್ನೀಷಿಯಂ, ಕಬ್ಬಿಣದ ಜೊತೆ ಸೇರಿ ಕಲ್ಲೇ ಆಗುತ್ತದೆ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಆ ಅನಿಲವನ್ನು ನೀರಿನಲ್ಲಿ ಕರಗಿಸಿ 400ರಿಂದ 800 ಮೀಟರ್ ಆಳಕ್ಕೆ ಬಿಟ್ಟರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲಾಯಿತು ಎಂದು 2016ರಲ್ಲಿ ಪ್ರಕಟವಾಯಿತು. ನಾವು ಗುಡ್ಡೆಯಲ್ಲಿ ಹುಡುಕುತ್ತಿದ್ದ ಬಿಳಿ ಕಣ್ಣುಗಳ ಹತ್ತಿರದ ನೆಂಟು ಅದು, ಪ್ರಕೃತಿ ನಿಧಾನಕ್ಕೆ ಮಾಡಿದ್ದನ್ನು ಮನುಷ್ಯ ಅವಸರದಲ್ಲಿ ಮಾಡಿದ್ದು. ದಖನ್ನಿನ ಬಸಾಲ್ಟಿನಲ್ಲೂ ಇದಾದೀತೇ ಎಂದು ಎನ್‌ಜಿಆರ್‌ಐ, ಎನ್‌ಟಿಪಿಸಿ 2000ದ ದಶಕದಲ್ಲೇ ಅಧ್ಯಯನ ಶುರುಮಾಡಿದ್ದವು. ಇದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವಿದೆ, ನಮ್ಮ ಫ್ಯಾನು ತಿರುಗುವುದು ಅಂಥವುಗಳಿಂದ. ಹೊಗೆಗೆ ಎಲ್ಲಾದರೂ ಜಾಗ ಬೇಕಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಐಸ್‌ಲ್ಯಾಂಡಿನ ವಿಧಾನದಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲ. ಕೂಡಗಿ ಪೂರ್ತಿ ಓಡಿದರೆ ಗಂಟೆಗೆ 2400 ಟನ್, ಅದಕ್ಕೆ 6 ಕೋಟಿ ಲೀಟರ್ ನೀರು. ನಾನು ಈ ಲೆಕ್ಕ ಒಪ್ಪಿಸಿದಾಗ ಹುಡುಗಿ ಬಿಡಲಿಲ್ಲ. ಅದೇ ನೀರನ್ನು ಎತ್ತಿ ಮತ್ತೆ ಬಳಸಬಹುದು, ಸಮುದ್ರದ ನೀರಾದರೂ ಆದೀತು, ಅಮೆರಿಕದ ವಲ್ಲೂಲಾದಲ್ಲಿ 2013ರಲ್ಲಿ ನೀರು ಬೆರೆಸದೆಯೇ ಸುಮಾರು ಸಾವಿರ ಟನ್ ಬಿಟ್ಟಿದ್ದಾರೆ ಎಂದಳು. ನಮಗೆ ಸಮುದ್ರ ಎಲ್ಲಿದೆ ಬೇಟಾ ಎಂದೆ. ಸಂದಿಗಳೆಲ್ಲ ಬಿಳಿ ಕಣ್ಣಾದರೆ ಒರತೆಯ ಗತಿ ಏನು ಎಂದೂ ಕೇಳಿದೆ. ಆ ಆಳ ಬೇರೆ, ಬಾವಿಯ ಆಳ ಬೇರೆ ಫುಪ್ಪೂ ಎಂದಳು. ಆದರೆ ದಾರಿ ಮುಚ್ಚಿಕೊಳ್ಳುವುದು ಅವರಿಗೂ ತಲೆನೋವೇ, ಮುಚ್ಚಿಕೊಂಡರೆ ಮುಂದಿನ ಅನಿಲ ಒಳಗೆ ಹೋಗುವುದಿಲ್ಲ. ಅದನ್ನೇ ತಾನು ಅಳೆಯುತ್ತಿರುವುದು ಎಂದಳು. ನಮ್ಮ ಅಂಚಿನಲ್ಲಿ ಕಲ್ಲು ತೆಳು, ಯಾರಾದರೂ ಜಾಗ ಹುಡುಕುವುದಾದರೆ ಪಶ್ಚಿಮದ ದಪ್ಪ ಪದರಗಳಲ್ಲಿ ಎಂದು ಸಮಾಧಾನವನ್ನೂ ಹೇಳಿದಳು. ಅಲ್ಲಿಯೂ ಜನ ಇದ್ದಾರೆ.

ಅವಳೇ ಒಪ್ಪುವ ಇನ್ನೊಂದು ತೊಡಕಿದೆ. ಮಸಾಲೆ ಡಬ್ಬಿಯಷ್ಟು ಕಲ್ಲು ಹೇಳುವುದು ಆ ಕಲ್ಲಿನ ಕಥೆ. ನೂರು ಮೀಟರಿನ ಬಂಡೆಯಲ್ಲಿ ನೂರಾರು ಸಂದಿಗಳು. ಯಾವುದು ಯಾವುದಕ್ಕೆ ಕೂಡಿದೆ ಎಂಬುದು ಉಕ್ಕಿನ ಕೋಶದೊಳಗೆ ಕಾಣುವುದಿಲ್ಲ. ಆ ಊರಿಗೇ ಹೋಗಬೇಕು. ಅಲ್ಲಿ ಬಾವಿ ತೋಡಿದವರನ್ನು, ಬೋರ್ ಹಾಕಿ ಬರಿಗೈಯಾದವರನ್ನು ಕೇಳಬೇಕು. ಕಮಲಾಪುರದಲ್ಲಿ ನಾನಾನ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯರು ಇನ್ನೂ ಇದ್ದಾರೆ. ಯಾವ ಹೊಲದ ಬಾವಿಯಲ್ಲಿ ಎಷ್ಟು ಗಜಕ್ಕೆ ಕೆಂಪು ಪದರ ಬಂತು, ಒಂದು ಬಾವಿಯ ನೀರು ಎತ್ತಿದರೆ ಇನ್ನಾವುದು ಇಳಿಯುತ್ತಿತ್ತು ಎಂದು ಅವರು ಬಾಯಲ್ಲೇ ಹೇಳುತ್ತಾರೆ. ಬೋರ್ ಯಂತ್ರ ಬಂದ ಮೇಲೆ ಅವರನ್ನು ಯಾರೂ ಏನೂ ಕೇಳಿಲ್ಲ. ಕಲ್ಲನ್ನು ಪುಡಿಮಾಡಿ ಉಗುಳುವ ಯಂತ್ರಕ್ಕೆ ಸಂದಿ ಕಾಣುವುದೂ ಇಲ್ಲ.

ಜನವರಿಯಲ್ಲಿ ಅವಳು ಊರಿಗೆ ಬಂದಾಗ ನಾವಿಬ್ಬರೂ ಕೂತು ಕನ್ನಡದಲ್ಲಿ ಒಂದು ಪುಟ ಬರೆದೆವು, ನೆಲ ಯಾಕೆ ಅದುರುತ್ತದೆ ಎಂದು. ಅವಳ ಪ್ರಬಂಧವೆಲ್ಲ ಇಂಗ್ಲಿಷಿನಲ್ಲಿ. ಪಠ್ಯಪುಸ್ತಕದ 'ರಂಧ್ರ ಜಲ ಒತ್ತಡ' ಅವಳಿಗೇ ಹಿಡಿಸಲಿಲ್ಲ. ನಾನಾ 'ಪಾನಿ ಕಾ ಜೋರ್' ಎನ್ನುತ್ತಿದ್ದರು. 'ನೀರಿನ ಜೋರು' ಎಂದೇ ಬರೆದೆವು. ಮರುದಿನ ಕಮಲಾಪುರದಲ್ಲಿ ನೆರೆಮನೆಗೆ ಬಂದಿದ್ದ ಗಡಿಕೇಶ್ವಾರದ ಕಡೆಯ ಅಜ್ಜಿಯೊಬ್ಬರಿಗೆ ಅವಳು ಅದನ್ನು ಓದಿ ಹೇಳಿದಳು. ಲೋಟ ಬೋರಲು ಹಾಕಿಯೂ ತೋರಿಸಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಅಲ್ಲವ್ವಾ, ನೀರು ಒಳಗ ಇಳದ್ರ ಭೂಮಿ ನಡಗ್ತದ ಅಂತಿ. ಹಂಗಾದ್ರ ನಾವು ಮಳಿ ಬರಲಿ ಅನಬೇಕೋ, ಬ್ಯಾಡ ಅನಬೇಕೋ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಳಿ ಬರಲೇಬೇಕಜ್ಜಿ. ಒಳಗಿನ ಕಲ್ಲು ಮೊದಲೇ ಜಾರ್ಲಾಕ ನಿಂತಿರತದ, ನೀರು ನೆವ ಅಷ್ಟೇ. ಮಳಿ ನಮ್ಮ ಕೈಯಾಗಿಲ್ಲ. ನಿಮ್ಮ ಮನಿ ಮಾಳಿಗಿ ಮ್ಯಾಲ ಮಣ್ಣು ಎಷ್ಟದ?"

"ಮೊಳದಷ್ಟು ಅದ."

"ಗೋಡಿ?"

"ಕಲ್ಲಿನದು. ನಮ್ಮ ಮಾವನ ಕಾಲದ್ದು."

ಅವಳು ನೋಟ್‌ಬುಕ್ಕಿನ ಹಾಳೆ ಹರಿದು, ಗೋಡೆಯ ಮೂಲೆಗಳನ್ನು ಹೇಗೆ ಬಿಗಿಯಬೇಕು, ಮಾಳಿಗೆಯ ಮಣ್ಣನ್ನು ಎಷ್ಟು ಇಳಿಸಬೇಕು ಎಂದು ಚಿತ್ರ ಬರೆಯತೊಡಗಿದಳು. ಅಜ್ಜಿ ಕನ್ನಡಕ ತರಿಸಿಕೊಂಡರು.